ಕಾವಲು ಯಂತ್ರಗಳಿಗೆ ಕಿವಿಗೊಡುವ ನಡಿಗೆ

ಜರ್ಮನಿಯ ಧ್ವನಿ ಕಲಾವಿದೆ ಕ್ರಿಸ್ಟಿನಾ ಕುಬಿಷ್ 2004ರಿಂದ ಹಲವು ನಗರಗಳಲ್ಲಿ ನಡೆಸುತ್ತ ಬಂದಿರುವ ‘ಎಲೆಕ್ಟ್ರಿಕಲ್ ವಾಕ್ಸ್’ ಕಲಾಕೃತಿಯಲ್ಲಿ ವೇದಿಕೆಯೂ ಇಲ್ಲ, ವಾದ್ಯವೂ ಇಲ್ಲ. ತಂತಿಸುರುಳಿ ಅಳವಡಿಸಿದ ಹೆಡ್‌ಫೋನ್ ಧರಿಸಿ, ನಕ್ಷೆ ಹಿಡಿದು ಬೀದಿಗಿಳಿದ ಕೇಳುಗರಿಗೆ ಎಟಿಎಂ, ಕಣ್ಗಾವಲು ಕ್ಯಾಮೆರಾ, ಅಂಗಡಿ ಬಾಗಿಲಿನಲ್ಲಿ ಕಳವು ತಡೆಯುವ ಗೇಟು ಮುಂತಾದವುಗಳ ವಿದ್ಯುತ್ಕಾಂತೀಯ ಕ್ಷೇತ್ರಗಳು ಸದ್ದಾಗಿ ಕೇಳಿಸುತ್ತವೆ. ಅಂಥದೇ ನಡಿಗೆಯನ್ನು ನಾವು ಅಗ್ಗದ ಸಾಮಗ್ರಿಯಲ್ಲೂ ಮಾಡಬಹುದು.

ಬೇಕಾದದ್ದು ಟೆಲಿಫೋನ್ ಪಿಕಪ್ ಕಾಯಿಲ್ (ಫೋನಿನ ಮಾತನ್ನು ದಾಖಲಿಸಲು ಅದಕ್ಕೆ ಅಂಟಿಸುವ ಪುಟ್ಟ ತಂತಿಸುರುಳಿ), ಮೈಕ್ ಜೋಡಿಸಬಹುದಾದ ಪುಟ್ಟ ರೆಕಾರ್ಡರ್ ಮತ್ತು ತಂತಿಯುಳ್ಳ ಹೆಡ್‌ಫೋನ್. ರೆಕಾರ್ಡರಿನ ಬದಲು ಮೊಬೈಲ್ ಬಳಸಿದರೆ ಅದರದ್ದೇ ಗೊರಗೊರ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು. ಬದಲಾಗುತ್ತಿರುವ ಕಾಂತಕ್ಷೇತ್ರವು ಸುರುಳಿಯಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ, ರೆಕಾರ್ಡರ್ ಅದನ್ನು ಹಿಗ್ಗಿಸುತ್ತದೆ. ತಂತ್ರವೆಂದರೆ ಇಷ್ಟೇ.

ಮೊದಲು ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರ್, ಚಾರ್ಜರ್, ರೌಟರ್‌ಗಳ ಬಳಿ ಕಾಯಿಲನ್ನು ಒಂದು ಗೇಣು ದೂರದಿಂದ ಮೆಲ್ಲಗೆ ಹತ್ತಿರ ತನ್ನಿ. ಅಲ್ಲೇ ನಿಧಾನವಾಗಿ ತಿರುಗಿಸಿದರೆ ಸದ್ದು ಏರಿ ಇಳಿಯುವುದು ತಿಳಿಯುತ್ತದೆ. ಮನೆ ವಿದ್ಯುತ್ತಿನ ಗುಂಯ್‌ಕಾರ ಅತಿ ಕಡಿಮೆಯಾಗುವ ಕೋನದಲ್ಲಿ ಹಿಡಿದಾಗ ಅದರಡಿಯ ಸೂಕ್ಷ್ಮ ಸದ್ದುಗಳು ತೆರೆದುಕೊಳ್ಳುತ್ತವೆ. (ಜರ್ಮನಿಯಲ್ಲೂ ನಮ್ಮಲ್ಲೂ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ, ಕೊಲೋನಿನ ಗೋಡೆಗೂ ದಾವಣಗೆರೆಯ ಗೋಡೆಗೂ ಶ್ರುತಿ ಒಂದೇ.)

ಹೊರಗೆ ಹೋದಾಗ ಕಳವು ತಡೆಯುವ ಗೇಟಿನ ಹತ್ತಿರ ವಾಲ್ಯೂಮ್ ತಗ್ಗಿಸಿಕೊಂಡೇ ಹೋಗಬೇಕು. ಕೆಲವು ಗೇಟುಗಳು ಸುಮಾರು 58 ಕಿಲೋಹರ್ಟ್ಸ್‌ನ ಅಲೆಯನ್ನು ತುಣುಕು ತುಣುಕಾಗಿ ಸೂಸುತ್ತವೆ. ಆ ಅಲೆ ನಮ್ಮ ಕಿವಿಗೆ ನಿಲುಕದು, ಆದರೆ ತುಣುಕುಗಳು ಸೆಕೆಂಡಿಗೆ ಹತ್ತಾರು ಬಾರಿ ಮರಳಿ ಬರುವುದರಿಂದ ಒರಟಾದ ಲಯಬದ್ಧ ಬಡಿತ ಕೇಳಿಸುತ್ತದೆ. ಪೇಸ್‌ಮೇಕರ್ ಇರುವವರು ಇಂಥ ಗೇಟಿನ ನಡುವೆ ನಿಂತು ಆಲಿಸಬಾರದು. ಟ್ರಾನ್ಸ್‌ಫಾರ್ಮರಿನ ಬೇಲಿಯ ಒಳಗೆ ಯಾರೂ ಕೈ ಚಾಚಬಾರದು. ಬ್ಯಾಂಕ್, ಮೆಟ್ರೋ ನಿಲ್ದಾಣಗಳಲ್ಲಿ ಮೊದಲೇ ಅನುಮತಿ ಕೇಳಿ. ಇಲ್ಲವಾದರೆ ಕಾವಲನ್ನು ಆಲಿಸಲು ಹೊರಟವರ ಮೇಲೆಯೇ ಕಾವಲು ಬೀಳುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಅರ್ಥ ಹಚ್ಚುವಾಗ. ಕ್ಯಾಮೆರಾದ ಬಳಿ ಕೇಳುವುದು ಅದರ ಮಂಡಲಗಳಲ್ಲಿ ಓಡುವ ವಿದ್ಯುತ್ತಿನ ಸದ್ದೇ ಹೊರತು ಅದು ಕಂಡದ್ದಲ್ಲ. ದೃಶ್ಯ ದಾಖಲಾಗುತ್ತಿದೆಯೋ, ಯಾರಾದರೂ ನೋಡುತ್ತಿದ್ದಾರೋ ಎಂಬುದನ್ನು ಕಾಯಿಲ್ ಹೇಳಲಾರದು. ಕಣ್ಣೆದುರು ಕ್ಯಾಮೆರಾ ಇದ್ದರೆ ಸಾಧಾರಣ ಗುಂಯ್‌ಕಾರವೂ ಹೊಂಚುಹಾಕಿದಂತೆ ಕೇಳುತ್ತದೆ. ಆದ್ದರಿಂದ ಜೊತೆಗಾರರೊಬ್ಬರು ಕೈಹಿಡಿದು ನಡೆಸಲಿ. ನೀವು ಕಣ್ಣು ಮುಚ್ಚಿ ಆಲಿಸಿ, ಸದ್ದು ಮೊನಚೋ ಮಂದವೋ, ಬಿಡಿಬಿಡಿಯೋ ಎಡೆಬಿಡದ್ದೋ ಎಂದು ಹೇಳಿ ಬರೆಸಿ, ಆಮೇಲೆ ಕಣ್ಣು ತೆರೆದು ಯಂತ್ರದ ಹೆಸರು ಸೇರಿಸಿ. ನಿಮ್ಮದೇ ಕಟ್ಟಡದ ಕ್ಯಾಮೆರಾಗಳಿದ್ದರೆ ಕರೆಂಟ್ ಹೋದ ಹೊತ್ತಿನಲ್ಲಿ ಅದೇ ಹಾದಿಯನ್ನು ಇನ್ನೊಮ್ಮೆ ನಡೆಯಿರಿ: ಗೋಡೆಗಳು ಮೌನವಾದ ಮೇಲೂ ಯುಪಿಎಸ್ ಆಧಾರದಲ್ಲಿ ಎಚ್ಚರವಾಗಿರುವವು ಯಾವುವೆಂದು ಪುಸ್ತಕದಲ್ಲಿ ಬೇರೆ ಶಾಯಿಯಲ್ಲಿ ಗುರುತಿಸಬಹುದು.