ಸೀಸನ್ ಎಂಟು ತಿಂಗಳು, ಸನ್ನದು ಹನ್ನೆರಡು ತಿಂಗಳು: ನನ್ನ ಅನುಭವ

ಗೋಕರ್ಣದ ಕಡಲ ಬದಿಯಲ್ಲಿ ಹೋಟೆಲ್ ನಡೆಸುವ ನಮಗೆ ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಮೇ ಮುಗಿಯುವ ಹೊತ್ತಿಗೆ ಮೇಜು ಕುರ್ಚಿ ಒಳಗೆ ಪೇರಿಸಿ, ಜಗುಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಕೆಲಸದ ಹುಡುಗರನ್ನು ಊರಿಗೆ ಕಳಿಸುತ್ತೇವೆ. ಅಬಕಾರಿ ಇಲಾಖೆಯ ವರ್ಷ ಬೇರೆ: ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿತಾಯ. ಅಂದರೆ ಮಳೆ ಹೊಡೆಯುತ್ತಿರುವಾಗ, ಬೀಚಿನಲ್ಲಿ ಒಬ್ಬ ಪ್ರವಾಸಿಯೂ ಇಲ್ಲದಿರುವಾಗ ನಮ್ಮ ಸನ್ನದಿನ, ಅಂದರೆ ಮದ್ಯ ಮಾರುವ ಪರವಾನಗಿಯ, ಮೊದಲ ದಿನ ಬರುತ್ತದೆ. ಈ ಎರಡು ಲೆಕ್ಕಗಳನ್ನು ಹೊಂದಿಸಿಕೊಳ್ಳಲು ನನಗೆ ಪೂರಾ ಎರಡು ಸೀಸನ್ ಬೇಕಾಯಿತು. ಈಗ ಹೊಸದಾಗಿ ಕರಾವಳಿಗೆ ಬಂದು ರೆಸ್ಟೋರೆಂಟ್ ತೆರೆಯುವ ಹುಡುಗರು ನನ್ನ ಹತ್ತಿರ ಕೇಳುವುದೂ ಇದನ್ನೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನನ್ನು ದಾರಿ ತಪ್ಪಿಸಿದ್ದು ಒಬ್ಬ ಮಧ್ಯವರ್ತಿಯ ಮಾತು. "ಸೀಸನ್ ಲೈಸೆನ್ಸ್ ಅಂತ ಒಂದಿದೆ, ಎಂಟು ತಿಂಗಳ ಶುಲ್ಕ ಕಟ್ಟಿದರೆ ಸಾಕು" ಅಂದ. ನಂಬಿ ಮೂರು ತಿಂಗಳು ಓಡಾಡಿದೆ. ಕೊನೆಗೆ ನಾನೇ 1968ರ ಮದ್ಯ ಮಾರಾಟ ನಿಯಮಗಳನ್ನು ಹಿಡಿದು ಕೂತು ಓದಿದೆ. ಅದರಲ್ಲಿ ಒಂದೊಂದು ಬಗೆಯ ಸನ್ನದಿಗೂ ಸಿಎಲ್ ಎಂಬ ಒಂದು ಸಂಖ್ಯೆ: ಸಿಎಲ್-2 ಚಿಲ್ಲರೆ ಅಂಗಡಿಗೆ, ಸಿಎಲ್-4 ಕ್ಲಬ್ಬಿಗೆ, ಸಿಎಲ್-6ಎ ಸ್ಟಾರ್ ಹೋಟೆಲಿಗೆ, ಸಿಎಲ್-7 ವಸತಿ ಇರುವ ಹೋಟೆಲಿಗೆ, ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟಿಗೆ. ನನ್ನಂಥವನಿಗೆ ಎಂಟು ತಿಂಗಳಿನದು ಅದರಲ್ಲಿ ಎಲ್ಲೂ ಕಾಣಲಿಲ್ಲ. ಸಿಎಲ್-5 ಅಂತ ಒಂದಿದೆ, ಆದರೆ ಅದು ಮದುವೆ, ಹೊಸ ವರ್ಷದ ಪಾರ್ಟಿಯಂಥ ಒಂದು ಸಂದರ್ಭಕ್ಕೆ ಕೊಡುವ ಸಾಂದರ್ಭಿಕ ಸನ್ನದು. ಅದನ್ನೇ ದಿನಾ ತೆಗೆದುಕೊಂಡು ಹೋಟೆಲ್ ನಡೆಸುತ್ತೇನೆ ಅಂದರೆ ಆಗುವ ಮಾತಲ್ಲ.

ನಾನು ಅರ್ಜಿ ಹಾಕುವ ಕಾಲಕ್ಕೆ ಸಿಎಲ್-9 ಹೊಸದಾಗಿ ಸಿಗುತ್ತಿರಲಿಲ್ಲ. 1992ರಿಂದ ಅದನ್ನು ನಿಲ್ಲಿಸಿದ್ದರು, ಇದ್ದವರಿಂದ ವರ್ಗಾವಣೆ ಮಾಡಿಸಿಕೊಳ್ಳಬೇಕಿತ್ತು. ಮಾರುವವರು ಹೇಳುವ ಮೊತ್ತ ಕೇಳಿ ಕೈಬಿಟ್ಟೆ. ಉಳಿದದ್ದು ಸಿಎಲ್-7. ಅದಕ್ಕೆ ಊಟದ ಹಾಲ್ ಸಾಲದು, ನಿಯಮದಲ್ಲಿ ಹೇಳಿದಷ್ಟು ಡಬಲ್ ರೂಮ್ ಬೇಕು. ತೆಂಗಿನ ತೋಟದ ಹಿಂಬದಿ ಖಾಲಿ ಇತ್ತು, ಬ್ಯಾಂಕ್ ಸಾಲ ಮಾಡಿ ರೂಮು ಕಟ್ಟಿಸಿದೆ. ಇವತ್ತು ಆ ರೂಮುಗಳೇ ಮಳೆಗಾಲದ ಖರ್ಚು ತೂಗಿಸುತ್ತಿವೆ.

ಸನ್ನದು ಬರುವ ಮೊದಲಿನ ಸೀಸನ್‌ನಲ್ಲಿ ಒಂದು ತಪ್ಪು ಮಾಡಿದೆ. ನಾನು ಮಾರುತ್ತಿಲ್ಲವಲ್ಲ, ಗಿರಾಕಿಗಳು ತಮ್ಮ ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದರೆ ನನಗೇನು ಅಂದುಕೊಂಡಿದ್ದೆ. ಒಂದು ಸಂಜೆ ತಪಾಸಣೆಗೆ ಬಂದವರು ನಾಲ್ಕು ಗ್ಲಾಸು, ಒಂದು ಬಾಟಲಿ ಪಂಚನಾಮೆಗೆ ಸೇರಿಸಿದರು. ಅಬಕಾರಿ ಕಾಯ್ದೆಯ ಕಲಂ 15(ಎ) ಮತ್ತು 32(3). ಪರವಾನಗಿ ಇಲ್ಲದ ಜಾಗದಲ್ಲಿ ಕುಡಿಯಲು ಅವಕಾಶ ಮಾಡಿಕೊಡುವುದೇ ಅಪರಾಧ. ಬಾಟಲಿ ಯಾರದ್ದು ಎಂಬುದು ಪ್ರಶ್ನೆಯಲ್ಲ. ಅದರ ಮೇಲೆ ಆ ಬಾಟಲಿ ಗೋವಾದ್ದು. ಗೋವಾದಿಂದ ಗೋಕರ್ಣಕ್ಕೆ ಇಳಿಯುವ ಪ್ರವಾಸಿಗಳ ಚೀಲದಲ್ಲಿ ಅಲ್ಲಿನ ಅಗ್ಗದ ಬಾಟಲಿ ಇರುವುದು ಸಾಮಾನ್ಯ. ಈಗ ನಮ್ಮಲ್ಲಿ ಬಾಗಿಲಲ್ಲೇ ಬೋರ್ಡು ಇದೆ, ಹೊರಗಿನ ಬಾಟಲಿ ಮೇಜಿನ ಮೇಲೆ ಬಂದರೆ ಊಟವನ್ನೂ ಬಡಿಸುವುದಿಲ್ಲ.

ಜಾಗದ ಅಳತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೇವಸ್ಥಾನ, ಶಾಲೆ, ಆಸ್ಪತ್ರೆ ಇಂಥವುಗಳಿಂದ 100 ಮೀಟರ್ ಒಳಗೆ ಸನ್ನದು ಕೊಡುವಂತಿಲ್ಲ. ಈ 100 ಮೀಟರನ್ನು ಹಕ್ಕಿ ಹಾರಿದ ಹಾಗೆ ನೇರ ಅಳೆಯುವುದಿಲ್ಲ. ನಮ್ಮ ಬಾಗಿಲಿನ ನಡುಮಧ್ಯದಿಂದ, ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ, ಆ ಸಂಸ್ಥೆಯ ಕಾಂಪೌಂಡಿನ ಗೇಟಿನ ನಡುಮಧ್ಯದವರೆಗೆ ಅಳೆಯುತ್ತಾರೆ. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಬಾಗಿಲಿನವರೆಗೆ. ನನ್ನ ಮೊದಲ ನಕ್ಷೆಯಲ್ಲಿ ಬಾಗಿಲು ಕೇರಿಯ ಕಡೆಗಿತ್ತು, ಆ ಕಡೆ ಒಂದು ಸಣ್ಣ ದೇವಸ್ಥಾನ. ನಾನೇ ಟೇಪು ಹಿಡಿದು ಅಳೆದಾಗ 94 ಮೀಟರ್ ಬಂತು. ಇಟ್ಟಿಗೆ ಇಡುವ ಮೊದಲೇ ಗೊತ್ತಾದದ್ದು ನನ್ನ ಪುಣ್ಯ. ದೇವರ ಗೇಟಿನ ದಾರಿಯಲ್ಲೇ ಬಾರಿನ ಬಾಗಿಲು ತೆರೆಯುವುದು ನನ್ನ ಮನಸ್ಸಿಗೂ ಬೇಡವಾಗಿತ್ತು. ಬಾಗಿಲನ್ನು ತೋಟದ ಕಡೆಗೆ ತಿರುಗಿಸಿ, ದೇವಸ್ಥಾನದ ಹಿರಿಯರ ಹತ್ತಿರ ಹೋಗಿ ಹೇಳಿ ಬಂದೆ. ಆಮೇಲೆ ನಿರೀಕ್ಷಕರು ಬಂದು ಅಳೆದಾಗ 131 ಮೀಟರ್. ಹೆದ್ದಾರಿ 66ರ ಬದಿಯಲ್ಲಿ ಜಾಗ ನೋಡಿದ್ದ ನನ್ನ ಗೆಳೆಯನಿಗೆ ಬೇರೆಯೇ ಅಳತೆ ಎದುರಾಯಿತು: ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರ್ ಎಂದಿತು, 2017ರ ಮಾರ್ಚ್ 31ರಂದು 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220ಕ್ಕೆ ಇಳಿಸಿತು. ಮುಂಗಡ ಕೊಟ್ಟಿದ್ದ ಜಾಗವನ್ನು ಅವನು ಬಿಡಬೇಕಾಯಿತು.

ಪ್ರವಾಸಿಗಳ ಜೊತೆ ವ್ಯವಹರಿಸುವ ನಮಗೆ ಎಲ್ಲಕ್ಕಿಂತ ಕಷ್ಟದ್ದು ಚಕ್ಕುಬಂದಿ. ಸನ್ನದಿನ ಜೊತೆ ನೀಲನಕ್ಷೆ ಇರುತ್ತದೆ, ಅದರಲ್ಲಿ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಬರೆದಿರುತ್ತದೆ. ಆ ನಾಲ್ಕು ಗೆರೆಗಳ ಒಳಗೆ ಮಾತ್ರ ಮದ್ಯ ಕೊಡಬಹುದು. ನನ್ನ ಪಶ್ಚಿಮದ ಗೆರೆ ತೋಟದ ಕಲ್ಲಿನ ಪಾಗಾರಕ್ಕೆ ನಿಲ್ಲುತ್ತದೆ. ಅದರಾಚೆ ಹೊಯಿಗೆ, ಆಮೇಲೆ ಕಡಲು. ಗೋಕರ್ಣಕ್ಕೆ ಬಂದವರಿಗೆ ಬೇಕಾದದ್ದು ಸೂರ್ಯ ಮುಳುಗುವಾಗ ಹೊಯಿಗೆಯ ಮೇಲೆ ಕೂತು ಒಂದು ತಣ್ಣನೆಯ ಬಿಯರ್. ಪಾಗಾರದಿಂದ ಇಪ್ಪತ್ತು ಹೆಜ್ಜೆ ಅಷ್ಟೇ. "ಅಣ್ಣಾ, ಇಲ್ಲೇ ಎದುರಿಗೆ ಕೂರ್ತೀವಿ" ಎಂದು ಅವರು ಕೇಳುವಾಗ ಇಲ್ಲ ಅನ್ನುವುದು ಸುಲಭವಲ್ಲ, ಅದರಲ್ಲೂ ಪಕ್ಕದವರು ಕೊಡುತ್ತಿರುವುದು ಕಣ್ಣಿಗೆ ಕಾಣುವಾಗ. ಆದರೆ ಆ ಇಪ್ಪತ್ತು ಹೆಜ್ಜೆಗೆ ಸನ್ನದೇ ಹೋಗಬಹುದು. ಕತ್ತಲಾದ ಮೇಲೆ ಕುಡಿದು ನೀರಿಗಿಳಿದವರನ್ನು ಎಳೆದು ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದೃಶ್ಯ ಕಂಡ ಮೇಲೆ ನನಗೆ ಆ ಗೆರೆಯ ಬಗ್ಗೆ ಬೇಸರವಿಲ್ಲ. ನಾನು ಮಾಡಿದ್ದಿಷ್ಟು: ಪಾಗಾರಕ್ಕೆ ಒರಗಿಕೊಂಡಂತೆ ಒಳಗೇ ಎತ್ತರದ ಕಟ್ಟೆ ಕಟ್ಟಿಸಿ, ಅದನ್ನು ಮೊದಲೇ ನೀಲನಕ್ಷೆಯಲ್ಲಿ ಸೇರಿಸಿದೆ. ಅಲ್ಲಿ ಕೂತರೆ ಸೂರ್ಯ ಪೂರಾ ಕಾಣುತ್ತಾನೆ. ನಕ್ಷೆ ಬರೆಸುವಾಗ ಅಡುಗೆಮನೆಯನ್ನು, ಗೋದಾಮನ್ನು ಮಾತ್ರ ಯೋಚಿಸಬೇಡಿ, ಗಿರಾಕಿ ಎಲ್ಲಿ ಕೂರಲು ಬಯಸುತ್ತಾನೆ ಎಂದು ಯೋಚಿಸಿ. ಆಮೇಲೆ ನಕ್ಷೆ ಬದಲಿಸುವುದೆಂದರೆ ಮತ್ತೆ ಅರ್ಜಿ, ಮತ್ತೆ ಸ್ಥಳ ಪರಿಶೀಲನೆ.

ಖರೀದಿಯಲ್ಲಿ ಗೊಂದಲವಿಲ್ಲ. 2003ರಿಂದ ಎಲ್ಲವೂ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ ಬರಬೇಕು, ಹಣ ಮೊದಲು ಕಟ್ಟಬೇಕು. ಎಚ್ಚರ ಬೇಕಾದದ್ದು ಬಿಯರಿಗೆ. ಬಾಟಲಿಯ ಮೇಲೆ ಸಾಮಾನ್ಯವಾಗಿ ಆರು ತಿಂಗಳ ಅವಧಿ ಇರುತ್ತದೆ. ಮೊದಲ ವರ್ಷ ಮೇ ತಿಂಗಳಲ್ಲಿ ಹುರುಪಿನಿಂದ ತಂದ ಪೆಟ್ಟಿಗೆಗಳು ಮಳೆಗಾಲ ಪೂರ್ತಿ ಗೋದಾಮಿನಲ್ಲಿ ಕೂತು, ಅಕ್ಟೋಬರಿನಲ್ಲಿ ತೆರೆಯುವಾಗ ಅವಧಿಯ ಅಂಚಿಗೆ ಬಂದಿದ್ದವು. ಈಗ ಏಪ್ರಿಲ್ ಕೊನೆಯಿಂದಲೇ ಡಿಪೋದಿಂದ ಮಾಲು ತರುವುದನ್ನು ಕಡಿಮೆ ಮಾಡುತ್ತೇನೆ.

ಮಾರುವಂತಿಲ್ಲದ ದಿನಗಳೂ ನಮ್ಮ ಸೀಸನ್‌ಗೇ ಬಂದು ಬೀಳುತ್ತವೆ. ಅಕ್ಟೋಬರ್ 2 ಗಾಂಧಿ ಜಯಂತಿ, ದಸರಾ ರಜೆಯ ಜನ ಬರುವ ಹೊತ್ತು. ಚುನಾವಣೆಯಾದರೆ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲಿನಿಂದ ಬಂದ್. 2024ರ ಲೋಕಸಭೆಗೆ ಉತ್ತರ ಕನ್ನಡದಲ್ಲಿ ಮೇ 7ರಂದು ಮತದಾನ. ಮೇ 5 ಭಾನುವಾರ ಸಂಜೆಯಿಂದಲೇ ನಾವು ಕೊಡುವಂತಿರಲಿಲ್ಲ. ವಾರಾಂತ್ಯಕ್ಕೆ ರೂಮು ಕಾದಿರಿಸಿದ್ದವರಿಗೆಲ್ಲ ಹತ್ತು ದಿನ ಮೊದಲೇ ಫೋನ್ ಮಾಡಿ ತಿಳಿಸಿದೆ. ಇಬ್ಬರು ರದ್ದು ಮಾಡಿದರು, ಉಳಿದವರು ಬಂದರು, ಮೀನೂಟ ಮಾಡಿ ಖುಷಿಯಾಗಿಯೇ ಹೋದರು. ಮೊದಲೇ ಹೇಳದಿದ್ದರೆ ಬಾಗಿಲಲ್ಲಿ ಜಗಳವಾಗುತ್ತಿತ್ತು.

ವಯಸ್ಸಿನ ವಿಷಯದಲ್ಲಿ ನಾನು 21ನ್ನೇ ಹಿಡಿದಿದ್ದೇನೆ. ಕಾಯ್ದೆಯ ಒಂದು ಕಲಮಿನಲ್ಲಿ 18 ಎಂದಿದೆ, 1967ರ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 21. 2023ರ ಜನವರಿಯಲ್ಲಿ 18ಕ್ಕೆ ಇಳಿಸುವ ಕರಡು ಬಂದು, ವಿರೋಧದ ಮೇಲೆ ಅದನ್ನು ಕೈಬಿಟ್ಟರು. ಕಾಲೇಜು ಹುಡುಗರ ಗುಂಪು ಬಂದಾಗ ಆಧಾರ್ ಕೇಳುತ್ತೇವೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಮಳೆಗಾಲದಲ್ಲಿ ಹೋಟೆಲ್ ಮುಚ್ಚಿದ್ದರೂ ದಾಸ್ತಾನು ಪುಸ್ತಕವನ್ನು ನಾನು ಮುಚ್ಚುವುದಿಲ್ಲ. ದಿನಾ ಒಂದು ಸಾಲು: ಆರಂಭದ ದಾಸ್ತಾನು, ಮಾರಾಟ ಇಲ್ಲ, ಉಳಿಕೆ. ಜುಲೈಯಲ್ಲಿ ಒಮ್ಮೆ ತಪಾಸಣೆಗೆ ಬಂದವರು ಬಾಟಲಿ ಎಣಿಸಿ, ಪುಸ್ತಕ ನೋಡಿ, ಹತ್ತು ನಿಮಿಷದಲ್ಲಿ ಸಹಿ ಮಾಡಿ ಹೋದರು. ನವೀಕರಣದ ಶುಲ್ಕ ಮಾತ್ರ ಜೂನ್ 30ರ ಒಳಗೆ ಇಡೀ ವರ್ಷದ್ದು ಕಟ್ಟಬೇಕು, ಕೈಯಲ್ಲಿ ದುಡ್ಡು ಆಡದ ಹೊತ್ತಿನಲ್ಲಿ. ಅದಕ್ಕಾಗಿ ಡಿಸೆಂಬರ್, ಜನವರಿಯ ಗಳಿಕೆಯಿಂದ ಪ್ರತಿ ಸೋಮವಾರ ಒಂದು ಪಾಲು ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯ ಪಾಸ್‌ಬುಕ್ ಇರುವುದು ನನ್ನ ಹೆಂಡತಿಯ ಹತ್ತಿರ; ಜೂನ್ ಮೊದಲ ವಾರ ಚಲನ್ ಕಟ್ಟುವ ದಿನ ಮಾತ್ರ ಅದು ನನ್ನ ಕೈಗೆ ಬರುತ್ತದೆ.