ಎರಡು ವರ್ಷದ ಮಗುವಿನ ಜೊತೆ ಮಂಗಳೂರಿಗೆ ಹೋಗಿ ಬರುವುದು ಹೇಗೆ?

ಕಾಸರಗೋಡಿನವರಿಗೆ ದೊಡ್ಡ ಪೇಟೆ ಅಂದರೆ ಮಂಗಳೂರು. 1956ರಲ್ಲಿ ಕೇರಳ ಸೇರುವವರೆಗೂ ನಮ್ಮ ಜಿಲ್ಲಾ ಕೇಂದ್ರ ಅದೇ ಆಗಿತ್ತು. ಮದುವೆ ಸೀರೆಗೆ, ದೊಡ್ಡ ಡಾಕ್ಟರಿಗೆ, ಕಾಲೇಜಿಗೆ ಈಗಲೂ ಗಡಿಯ ತಲಪಾಡಿ ದಾಟಿಯೇ ಹೋಗುತ್ತೇವೆ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ಇನ್ನೂ ಹತ್ತಿರ. ಬೆಳಗ್ಗೆ ಹೋಗಿ ಸಂಜೆ ಬರಬಹುದು. ಆದರೆ ಸೊಂಟದ ಮೇಲೆ ಪುಟ್ಟ ಮಗು ಇದ್ದರೆ ಲೆಕ್ಕವೇ ಬೇರೆ.

ನನ್ನ ಮಗಳಿಗೆ ಒಂದು ವರ್ಷ ಎಂಟು ತಿಂಗಳಾದಾಗ ಮೊದಲ ಸಲ ಕರೆದುಕೊಂಡು ಹೋದೆವು. ನೋಡುವುದಕ್ಕೆ ನಾಲ್ಕು ಜಾಗ ಗುರುತು ಮಾಡಿಕೊಂಡಿದ್ದೆವು: ಬಟ್ಟೆ ಅಂಗಡಿ, ಕದ್ರಿ ದೇವಸ್ಥಾನ, ಒಂದು ಮಾಲ್, ಕೊನೆಗೆ ಪಣಂಬೂರು ಬೀಚ್. ಮಧ್ಯಾಹ್ನ ಒಂದು ಗಂಟೆಗೆ, ಬಟ್ಟೆ ಅಂಗಡಿಯ ಎರಡನೇ ಮಹಡಿಯಲ್ಲಿ, ಅವಳು ಅಳಲು ಶುರು ಮಾಡಿದಳು. ಹಾಲು ಕೊಟ್ಟೆವು, ಬಿಸ್ಕತ್ತು ಕೊಟ್ಟೆವು, ಹೊರಗೆ ಕರೆದುಕೊಂಡು ಹೋದೆವು. ನಿಲ್ಲಲಿಲ್ಲ. ಮನೆಯಲ್ಲಾಗಿದ್ದರೆ ಅವಳು ಮಲಗಿ ಅರ್ಧ ಗಂಟೆಯಾಗಿರುತ್ತಿತ್ತು ಅಂತ ನನ್ನ ಅಮ್ಮನಿಗೆ ಹೊಳೆಯಿತು. ಉಳಿದ ಮೂರೂ ಜಾಗ ಬಿಟ್ಟು ಮೂರು ಗಂಟೆಯ ಹೊತ್ತಿಗೆ ವಾಪಸ್ ಹೊರಟೆವು. ಆ ಮೇಲೆ ಎಷ್ಟೋ ಸಲ ಹೋಗಿದ್ದೇವೆ. ಚೆನ್ನಾಗಿಯೇ ಕಳೆದಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿದ್ದೆ, ಆಮೇಲೆ ಪೇಟೆ

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅದರಲ್ಲಿ ಮಧ್ಯಾಹ್ನದ ನಿದ್ದೆಯನ್ನು ಕದ್ದರೆ ಸಂಜೆಯವರೆಗೂ ಸಾಲ ತೀರಿಸಬೇಕಾಗುತ್ತದೆ. ಹೊರಡುವ ಮೂರು ದಿನ ಮೊದಲಿನಿಂದ ಮಗು ಎಷ್ಟು ಗಂಟೆಗೆ ಮಲಗುತ್ತದೆ, ಎಷ್ಟು ಹೊತ್ತು ಮಲಗುತ್ತದೆ ಅಂತ ಬರೆದಿಡಿ. ಹನ್ನೆರಡೂವರೆಗೆ ಮಲಗುವ ಮಗುವಾದರೆ ಹನ್ನೆರಡೂವರೆಯಿಂದ ಎರಡರವರೆಗೆ ಕಾಗದದಲ್ಲಿ ಒಂದು ಚೌಕ ಹಾಕಿ. ಆ ಚೌಕದೊಳಗೆ ಅಂಗಡಿ, ದೇವಸ್ಥಾನ, ಊಟ ಏನೂ ಬರಬಾರದು.

ಮಗು ಎಲ್ಲಿ ಮಲಗುತ್ತದೆ ಅನ್ನುವುದನ್ನೂ ಆಗಲೇ ಗೊತ್ತು ಮಾಡಿ. ಮಂಗಳೂರಿನಲ್ಲಿ ನೆಂಟರ ಮನೆ ಇಲ್ಲದ ಕಾಸರಗೋಡಿನವರು ಕಡಿಮೆ, ಅಲ್ವಾ? ಮೊದಲೇ ಫೋನ್ ಮಾಡಿ ಹೇಳಿ: "ಊಟ ಬೇಡ, ಒಂದು ಚಾಪೆ, ಒಂದು ಫ್ಯಾನು ಸಾಕು." ನೆಂಟರ ಮನೆ ಇಲ್ಲವಾದರೆ ಆ ಹೊತ್ತಿಗೆ ಕಾರು ಅಥವಾ ಟ್ಯಾಕ್ಸಿಯಲ್ಲಿ ದೂರದ ಓಡಾಟ ಇಟ್ಟುಕೊಳ್ಳಿ. ಓಡುವ ಗಾಡಿಯಲ್ಲಿ ಮಕ್ಕಳು ಬೇಗ ಮಲಗುತ್ತಾರೆ.

ಒಂದೇ ಜಾಗ

ದೊಡ್ಡ ಜಾಗ ಒಂದು, ಅದರ ಜೊತೆ ಅರ್ಧ ಗಂಟೆಯ ಸಣ್ಣ ಜಾಗ ಒಂದು. ಇದಕ್ಕಿಂತ ಜಾಸ್ತಿ ಬೇಡ.

ಬೀಚನ್ನು ನಾನು ಪಟ್ಟಿಯಿಂದ ತೆಗೆದುಬಿಟ್ಟಿದ್ದೇನೆ. ಪಣಂಬೂರು, ತಣ್ಣೀರುಬಾವಿ ಎರಡೂ ಚೆಂದವೇ. ಆದರೆ ನಮ್ಮ ಮಕ್ಕಳಿಗೆ ಕಡಲು ಮನೆಯ ಹತ್ತಿರವೇ ಇದೆ. ಕುಂಬಳೆಯಲ್ಲಿ ಇದೆ, ಬೇಕಲದಲ್ಲಿ ಇದೆ. ಮನೆಯಲ್ಲಿ ಇಲ್ಲದ್ದನ್ನು ತೋರಿಸೋಣ.

ನನ್ನ ಆಯ್ಕೆ ಪಿಲಿಕುಳ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಈ ಹೆಸರು. ಪೇಟೆಯಿಂದ ಸುಮಾರು 12 ಕಿಲೋಮೀಟರ್ ದೂರ, ವಾಮಂಜೂರು ದಾರಿಯಲ್ಲಿ ಮೂಡುಶೆಡ್ಡೆಯಲ್ಲಿದೆ. ಮೃಗಾಲಯ, ಕೆರೆ, ಗುತ್ತಿನ ಮನೆ (ತುಳುನಾಡಿನ ಹಿಂದಿನ ದೊಡ್ಡ ಮನೆತನದ ಮನೆ), ತಾರಾಲಯ ಎಲ್ಲ ಅಲ್ಲಿವೆ. ಇಷ್ಟನ್ನೂ ಒಂದೇ ದಿನ ನೋಡಲು ಹೋಗಬೇಡಿ. ಎರಡು ವರ್ಷದ ಮಗುವಿಗೆ ಮೃಗಾಲಯ ಒಂದೇ ಸಾಕು. ಅದರಲ್ಲೂ ಪೂರ್ತಿ ಬೇಡ, ಹುಲಿ, ಜಿಂಕೆ, ಹಾವು ಅಷ್ಟು ನೋಡಿದರೆ ಆಯಿತು. ತಾರಾಲಯದಲ್ಲಿ ಕತ್ತಲೆ, ದೊಡ್ಡ ಶಬ್ದ. ಇಷ್ಟು ಸಣ್ಣವರು ಹೆದರುತ್ತಾರೆ, ಐದಾರು ವರ್ಷವಾಗಲಿ. ಮೃಗಾಲಯಕ್ಕೆ ಸೋಮವಾರ ರಜೆ. ಶನಿವಾರ, ಭಾನುವಾರ ಜನ ಜಾಸ್ತಿ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ರಜೆ ಹಾಕಿ ಹೋದರೆ ಮಗು ನೆಲದ ಮೇಲೆ ನಡೆಯಬಹುದು, ಇಲ್ಲವಾದರೆ ದಿನವಿಡೀ ಎತ್ತಿಕೊಂಡೇ ಇರಬೇಕು.

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ತಂಪಿನಲ್ಲಿ ಪ್ರಾಣಿಗಳು ಓಡಾಡುತ್ತಿರುತ್ತವೆ. ಬಿಸಿಲೇರಿದ ಮೇಲೆ ಹುಲಿಯೂ ನೆರಳು ಹುಡುಕಿ ಮಲಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ, ಜೂನ್ ನಂತರದ ಮಳೆಯಲ್ಲಿ ಈ ಜಾಗ ಮಗುವಿಗೆ ಕಷ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಡಾಕ್ಟರನ್ನು ನೋಡಲೆಂದೇ ಹೋಗುವ ದಿನವಾದರೆ ಪಿಲಿಕುಳ ಬೇಡ. ಆಸ್ಪತ್ರೆಯಲ್ಲಿ ಕಾಯುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಡಾಕ್ಟರನ್ನು ನೋಡಿ, ಕದ್ರಿ ಪಾರ್ಕಿನಲ್ಲಿ ಒಂದು ಗಂಟೆ ಓಡಾಡಿಸಿ, ವಾಪಸ್ ಬನ್ನಿ. ಅಷ್ಟೇ.

ಚೀಲ

ರಾತ್ರಿಯೇ ಕಟ್ಟಿಡಿ. ಮಗುವಿಗೆ ಎರಡು ಜೊತೆ ಬಟ್ಟೆ, ಎತ್ತಿಕೊಳ್ಳುವವರಿಗೆ ಒಂದು ಅಂಗಿ. ಮಗು ವಾಂತಿ ಮಾಡಿದರೆ ನಮ್ಮ ಮೇಲೂ ಬೀಳುತ್ತದೆ. ಡಯಾಪರ್‌ಗೆ ಲೆಕ್ಕ ಸುಲಭ: ಮೂರು ಗಂಟೆಗೆ ಒಂದು, ಅದರ ಮೇಲೆ ಎರಡು ಜಾಸ್ತಿ. ಒದ್ದೆ ಬಟ್ಟೆಗೆ ನಾಲ್ಕು ಪ್ಲಾಸ್ಟಿಕ್ ಕವರು. ಒಂದು ಬೈರಾಸು (ಟವೆಲು). ಕುದಿಸಿ ಆರಿಸಿದ ನೀರು. ಒಂದು ಪ್ಯಾಕೆಟ್ ಓಆರ್‌ಎಸ್. ಜ್ವರದ ಔಷಧಿಯಾದರೆ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ.

ಇವೆಲ್ಲಕ್ಕಿಂತ ಉಪಕಾರಕ್ಕೆ ಬರುವುದು ಒಂದು ಹಳೆಯ ಹತ್ತಿ ಮುಂಡು. ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ. ಬೆಂಚಿನ ಮೇಲೆ ಹಾಸಿ ಬಟ್ಟೆ ಬದಲಿಸಬಹುದು. ಹಾಲುಣಿಸುವಾಗ ಹೊದ್ದುಕೊಳ್ಳಬಹುದು. ರೈಲಿನ ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿಯಬಹುದು. ನೆಂಟರ ಮನೆಯಲ್ಲಿ ಹಾಸಿದರೆ ಮನೆಯ ವಾಸನೆ ಇರುವುದರಿಂದ ಮಗು ಗೊತ್ತಿಲ್ಲದ ಜಾಗದಲ್ಲೂ ಬೇಗ ಮಲಗುತ್ತದೆ.

ತಳ್ಳುಗಾಡಿ ತರಬೇಡಿ. ಮಂಗಳೂರು ಏರು ತಗ್ಗಿನ ಊರು. ಫುಟ್‌ಪಾತ್ ಅಲ್ಲಲ್ಲಿ ಮುರಿಯುತ್ತದೆ, ಮೆಟ್ಟಿಲಾಗುತ್ತದೆ, ಕಂಬ ಅಡ್ಡ ಬರುತ್ತದೆ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇದ್ದರೆ ಸಾಕು.

ಹೊರಡುವ ಬೆಳಗ್ಗೆ ಮಗುವಿನ ಮೈ ಬೆಚ್ಚಗಿದ್ದರೆ ಪ್ರಯಾಣ ನಿಲ್ಲಿಸಿ. ಟಿಕೆಟ್ ಹಣ ಹೋದರೆ ಹೋಗಲಿ.

ರೈಲೋ ಬಸ್ಸೋ?

ನಾನು ರೈಲಿನ ಕಡೆ. ಮಗು ನಿಲ್ಲಬಹುದು, ನಾಲ್ಕು ಹೆಜ್ಜೆ ನಡೆಯಬಹುದು, ಶೌಚಾಲಯ ಇದೆ, ತಿರುವಿನಲ್ಲಿ ಹೊಟ್ಟೆ ತೊಳೆಸುವುದಿಲ್ಲ. ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ನಿಮ್ಮ ಜನರಲ್ ಟಿಕೆಟನ್ನು ರೈಲ್ವೆಯ ರೈಲ್‌ವನ್ ಆ್ಯಪ್‌ನಲ್ಲಿ ತೆಗೆದುಕೊಂಡರೆ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಎರಡು ವಿಷಯ ನೋಡಿಕೊಳ್ಳಿ. ಬೆಳಗ್ಗೆ ಕಾಲೇಜಿಗೆ, ಕೆಲಸಕ್ಕೆ ಹೋಗುವವರ ಗಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕಿಂತ ಮೊದಲಿನ ಗಾಡಿ ಹಿಡಿಯಿರಿ. ಈ ವಯಸ್ಸಿನ ಮಕ್ಕಳು ಹೇಗೂ ಕೋಳಿ ಕೂಗುವಾಗಲೇ ಏಳುತ್ತಾರೆ. ಇನ್ನೊಂದು, ಗಾಡಿ ಮಂಗಳೂರು ಸೆಂಟ್ರಲ್‌ಗೆ ಹೋಗುತ್ತದೋ ಜಂಕ್ಷನ್‌ಗೋ ಅಂತ ನೋಡಿ. ಸೆಂಟ್ರಲ್ ಇರುವುದು ಹಂಪನಕಟ್ಟೆಯ ಹತ್ತಿರ. ಜಂಕ್ಷನ್ ಇರುವುದು ಪಡೀಲ್ ಕಡೆ. ಕೊಂಕಣ ದಾರಿಯಲ್ಲಿ ಮುಂದೆ ಹೋಗುವ ಎಷ್ಟೋ ಗಾಡಿಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ.

ಕಿಟಕಿಯ ಹತ್ತಿರ ಕೂತರೆ ಮೊಬೈಲ್ ತೆಗೆಯುವ ಅಗತ್ಯವಿಲ್ಲ. ಕಾಸರಗೋಡಿನಿಂದ ಹತ್ತಿದರೆ ಮೊಗ್ರಾಲ್ ಹೊಳೆ, ಶಿರಿಯ ಹೊಳೆ, ಉಪ್ಪಳ ಹೊಳೆ, ಮಂಜೇಶ್ವರ ಹೊಳೆ, ಕೊನೆಗೆ ಉಳ್ಳಾಲ ದಾಟಿದ ಮೇಲೆ ಅಗಲವಾದ ನೇತ್ರಾವತಿ. ಪ್ರತಿ ಸೇತುವೆ ಬಂದಾಗ ರೈಲಿನ ಸದ್ದು ಬದಲಾಗುತ್ತದೆ. "ಹೊಳೆ ಬಂತು" ಅಂತ ಒಮ್ಮೆ ಹೇಳಿಕೊಟ್ಟರೆ ಸಾಕು. ನನ್ನ ಮಗಳು ಈಗ ಸದ್ದು ಕೇಳಿಯೇ ಕೂಗುತ್ತಾಳೆ.

ಬಸ್ಸಿನಲ್ಲೇ ಹೋಗುವುದಾದರೆ ಮುಂದಿನ ಸೀಟು ಹಿಡಿಯಿರಿ. ಹೊರಡುವ ಮೊದಲು ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಕಡೆ ಆರು ಪಥವಾದ ಮೇಲೆ ಸರ್ವಿಸ್ ರಸ್ತೆಯಲ್ಲಿ ಬಸ್ಸು ಯಾವ ಬದಿಗೆ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಮಗುವನ್ನು ಎತ್ತಿಕೊಂಡು ಹೆದ್ದಾರಿ ದಾಟಬೇಡಿ. ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಉಚಿತ ಅಂತ ಲೆಕ್ಕ ಹಾಕಿ ಹೋಗಬೇಡಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ನಮ್ಮ ಆಧಾರ್‌ನಲ್ಲಿ ಕೇರಳ ಇದೆ.

ಪೇಟೆಯೊಳಗಿನ ಬಸ್ಸುಗಳು ಹೆಚ್ಚಿನವು ಖಾಸಗಿ. ನಿಂತ ಕೂಡಲೇ ಹೊರಡುತ್ತವೆ. ಮಗು ಜೊತೆಗಿದ್ದರೆ ಆಟೋಗೆ ಕೊಡುವ ದುಡ್ಡು ದಂಡವಲ್ಲ.

ಯಾರ ಕೈಯಲ್ಲಿ ಮಗು?

ಇದನ್ನು ಬರೆಯುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ಸಲ ಹೋದಾಗ, ಒಂದು ಅಂಗಡಿಯಲ್ಲಿ, ಮಗಳು ಗಂಡನ ಕೈಯಲ್ಲಿ ಇದ್ದಾಳೆ ಅಂತ ನಾನು, ನನ್ನ ಕೈಯಲ್ಲಿ ಇದ್ದಾಳೆ ಅಂತ ಅವರು. ಎರಡು ನಿಮಿಷ. ಸೀರೆ ಕಪಾಟಿನ ಹಿಂದೆ ಒಂದು ಪೆಟ್ಟಿಗೆಯ ಜೊತೆ ಆಡುತ್ತಾ ಕೂತಿದ್ದಳು.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಮಗುವನ್ನು ಬಿಡುವವರು "ನಿನ್ನ ಕೈಯಲ್ಲಿ" ಅನ್ನಬೇಕು. ತೆಗೆದುಕೊಳ್ಳುವವರು "ನನ್ನ ಕೈಯಲ್ಲಿ" ಅನ್ನಬೇಕು. ಈ ಎರಡು ಮಾತು ಕೇಳದೆ ಯಾರೂ ಕೈ ಬಿಡುವಂತಿಲ್ಲ. ಅಜ್ಜ ಅಜ್ಜಿ ಜೊತೆಗಿದ್ದಾಗ ಇದು ಇನ್ನೂ ಮುಖ್ಯ. ಜನ ಜಾಸ್ತಿಯಾದಷ್ಟೂ ಎಲ್ಲರೂ ನೋಡುತ್ತಿದ್ದಾರೆ ಅಂತ ಅನಿಸುತ್ತದೆ, ಯಾರೂ ನೋಡುತ್ತಿರುವುದಿಲ್ಲ.

ಹೊರಡುವ ಮೊದಲು ಆ ದಿನದ ಬಟ್ಟೆಯಲ್ಲೇ ಮಗುವಿನ ಫೋಟೋ ತೆಗೆಯಿರಿ. ದೂರದಿಂದ ಕಾಣುವ ಹಳದಿ, ಕಿತ್ತಳೆ ಬಣ್ಣದ ಅಂಗಿ ಹಾಕಿ. ತೋಳಿನ ಒಳಗೆ, ಅಂಗಿಯ ಕೆಳಗೆ, ಪೆನ್ನಿನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆಯಿರಿ. ಹೆಸರು ಬೇಡ. ಮಗು ಕಾಣದಿದ್ದರೆ ನಾಚಿಕೆ ಬಿಟ್ಟು ಜೋರಾಗಿ ಕೂಗಿ ಹೇಳಿ, ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ. ಕೂಡಲೇ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. ರೈಲಿನಲ್ಲಾದರೆ 139. ಮೂರನ್ನೂ ಮೊಬೈಲ್‌ನಲ್ಲಿ ಸೇವ್ ಮಾಡಿಡಿ.

ಮಾಲ್‌ಗೆ ಹೋದರೆ ಎಸ್ಕಲೇಟರ್‌ನಲ್ಲಿ ಮಗುವನ್ನು ಎತ್ತಿಕೊಳ್ಳಿ. ಮೆತ್ತಗಿನ ರಬ್ಬರ್ ಚಪ್ಪಲಿ ಅದರ ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಲಿಫ್ಟ್ ಇದ್ದರೆ ಲಿಫ್ಟೇ ಒಳ್ಳೆಯದು. ಸಣ್ಣವರಿಗೆ ಅದೂ ಒಂದು ಆಟವೇ.

ಊಟ

ಬೆಳಗ್ಗೆ ಸ್ಟೇಷನ್ನಿನಿಂದ ಹೊರಬಂದ ಕೂಡಲೇ ಇಡ್ಲಿ ತಿನ್ನಿಸಿಬಿಡಿ. ಹಂಪನಕಟ್ಟೆ ಸುತ್ತಮುತ್ತ ಹೋಟೆಲಿಗೆ ಕೊರತೆ ಇಲ್ಲ. ಸಾಂಬಾರ್ ಬೇಡ, ಸ್ವಲ್ಪ ತುಪ್ಪ ಅಥವಾ ಸಕ್ಕರೆ ಹಾಕಿದರೆ ಸಾಕು. ಮಧ್ಯಾಹ್ನಕ್ಕೆ ಮನೆಯದ್ದೇ ಇರಲಿ. ರಾಗಿ ಮಣ್ಣಿಯನ್ನು ಬೆಳಗ್ಗೆ ಮಾಡಿ ಡಬ್ಬಿಗೆ ಹಾಕಿದರೆ ಸೆಕೆಗೆ ಹುಳಿಯಾಗುತ್ತದೆ. ಅದರ ಬದಲು ಹುರಿದ ಹುಡಿಯನ್ನು ಒಯ್ಯಿರಿ, ಫ್ಲಾಸ್ಕಿನಲ್ಲಿ ಕುದಿಯುವ ನೀರು ಒಯ್ಯಿರಿ, ಅಲ್ಲೇ ಕಲಸಿ. ಕದಳಿ ಬಾಳೆಹಣ್ಣು ನಾಲ್ಕು ಇರಲಿ. ಮಲಗುವ ಹೊತ್ತಿಗೆ ಮುಕ್ಕಾಲು ಗಂಟೆ ಮೊದಲೇ ತಿನ್ನಿಸಿ ಮುಗಿಸಿ, ನಿದ್ದೆಗಣ್ಣಿನ ಮಗು ಬಾಯಿ ತೆರೆಯುವುದಿಲ್ಲ.

ನೆಲಗಡಲೆ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿ ಈ ವಯಸ್ಸಿಗೆ ಬೇಡ. ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಮಂಗಳೂರಿಗೆ ಹೋಗಿ ಐಸ್‌ಕ್ರೀಮ್ ತಿನ್ನದೆ ಬರಲು ಆಗುವುದಿಲ್ಲ, ನನಗೂ ಆಗುವುದಿಲ್ಲ. 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಶುರುವಾದ ಐಡಿಯಲ್ ಈಗಲೂ ನಮ್ಮ ಮನೆಯ ಹಿರಿಯರಿಗೆ ಹಬ್ಬ. ಗಡ್‌ಬಡ್ ನೀವು ತಿನ್ನಿ. ಅದರಲ್ಲಿ ಗೋಡಂಬಿ, ಹಣ್ಣಿನ ತುಂಡು, ಜೆಲ್ಲಿ ಇರುತ್ತವೆ. ಮಗುವಿಗೆ ಬರೀ ವೆನಿಲ್ಲಾ, ಎರಡು ಚಮಚ.

ವಾಪಸ್

ಮಗು ಎದ್ದ ಮೇಲೆ ಸಣ್ಣ ಜಾಗದ ಸರದಿ. ನಮಗೆ ಎಷ್ಟೋ ಸಲ ಅದು ಸೆಂಟ್ರಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮೇ ಆಗಿದೆ. ನಿಂತ ಇಂಜಿನ್, ಗಾಡಿ ತೊಳೆಯುವ ಪೈಪು, ಚಹಾದ ಕೆಟಲು. ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಬೆನ್ನನ್ನು ಗೋಡೆಗೆ ಆನಿಸಿ ಕೂತುಕೊಳ್ಳಿ, ಮಗು ಮಡಿಲಲ್ಲೇ ಇರಲಿ, ಹಳದಿ ಗೆರೆಯ ಹತ್ತಿರ ಬೇಡ.

ಸಂಜೆ ಐದು, ಆರು ಗಂಟೆಯ ಹೊತ್ತಿಗೆ ಕಾಸರಗೋಡಿನ ಕಡೆಗೆ ಹೋಗುವ ಗಾಡಿಗಳು ತುಂಬಿರುತ್ತವೆ. ನಾಲ್ಕರೊಳಗೆ ಹೊರಡುವುದು ಹಿಡಿಯಿರಿ. ಸೆಂಟ್ರಲ್‌ನಿಂದಲೇ ಶುರುವಾಗುವ ಗಾಡಿಯಾದರೆ ಬೇಗ ಹೋಗಿ ಸೀಟು ಹಿಡಿಯಬಹುದು. ರೈಲಿನಲ್ಲಿ ಮತ್ತೆ ಮಲಗಲು ಬಿಡಬೇಡಿ, ರಾತ್ರಿ ಹನ್ನೊಂದರವರೆಗೆ ಆಡುತ್ತದೆ. ಹೊಳೆಗಳನ್ನು ಈಗ ಹಿಂದುಮುಂದಾಗಿ ಎಣಿಸಿ.

ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಸ್ವಲ್ಪ ಕುಚ್ಚಲಕ್ಕಿ ಗಂಜಿ. ಚೀಲವನ್ನು ಆ ರಾತ್ರಿಯೇ ಖಾಲಿ ಮಾಡಿ, ಒದ್ದೆ ಕವರು ಬೆಳಗ್ಗೆವರೆಗೆ ಇಟ್ಟರೆ ವಾಸನೆ ಹೋಗುವುದಿಲ್ಲ. ಮುಂಡನ್ನು ಒಗೆಯಲು ಹಾಕಿ. ಮರುದಿನ ಯಾರ ಮನೆಗೂ ಹೋಗುವುದು ಬೇಡ.