ಪ್ರಸ್ತಾರ ಹಾಕುವುದು ಹೇಗೆ? ಬಾಯಿಬಿಟ್ಟು ಓದಿ, ಬೆರಳಲ್ಲಿ ಎಣಿಸಿ

‘ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೆಯಿರಿ.’ ಹೈಸ್ಕೂಲಿನ ಈ ಪ್ರಶ್ನೆ ನೆನಪಿದೆ ಅಲ್ವಾ? ಪ್ರಸ್ತಾರ ಅಂದರೆ ಪದ್ಯದ ಒಂದೊಂದು ಅಕ್ಷರದ ಮೇಲೂ ಅದರ ಅಳತೆಯ ಗುರುತು ಹಾಕುವುದು. ಆಗ ಅಂಕಕ್ಕಾಗಿ ಮಾಡಿದ ಲೆಕ್ಕವನ್ನು ಈಗ ಖುಷಿಗಾಗಿ ಮಾಡೋಣ. ಕುಮಾರವ್ಯಾಸ ಭಾರತದ ಮೊದಲ ಪದ್ಯದ ಅರ್ಧ ಇಲ್ಲಿದೆ. ಮೊದಲು ಜೋರಾಗಿ ಓದಿ.

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಮೊದಲ ಕೆಲಸ ಅಕ್ಷರ ತೂಗುವುದು. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ, ಅಂದರೆ ಉಚ್ಚರಿಸಲು ಹಿಡಿಯುವ ಕಾಲದ ಒಂದು ಅಳತೆ. ದೀರ್ಘ ಗುರು, ಎರಡು ಮಾತ್ರೆ. ಸೊನ್ನೆ ಇದ್ದರೂ ಗುರು, ವಿಸರ್ಗ ಇದ್ದರೂ ಗುರು. ಜಾಸ್ತಿ ಜನ ತಪ್ಪುವುದು ಒತ್ತಕ್ಷರದಲ್ಲಿ. ‘ಸಜ್ಜನ’ದಲ್ಲಿ ಗುರುವಾಗುವುದು ‘ಜ್ಜ’ ಅಲ್ಲ, ಅದರ ಹಿಂದಿನ ‘ಸ’. ಸುಮ್ನೆ ಒಮ್ಮೆ ಹೇಳಿ ನೋಡಿ, ನಾಲಿಗೆ ‘ಸ’ ಮೇಲೇ ಊರಿ ನಿಲ್ಲುತ್ತದೆ. ‘ಶ್ರೀ’ ಗುರುವಾಗಿರುವುದು ದೀರ್ಘದಿಂದ, ಒತ್ತಿನಿಂದಲ್ಲ.

ಲಘುವಿನ ತಲೆಯ ಮೇಲೆ ಬಟ್ಟಲಿನಂಥ ಗುರುತು, ಗುರುವಿನ ಮೇಲೆ ಅಡ್ಡಗೆರೆ ಹಾಕಿ. ಆಮೇಲೆ ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ತುಂಡು ಮಾಡುತ್ತಾ ಹೋಗಿ. ಒಂದೊಂದು ತುಂಡೂ ಒಂದು ಗಣ.

ಶ್ರೀವ | ನಿತೆಯರ | ಸನೆವಿ | ಮಲರಾ

ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಪದ ಎಲ್ಲಿ ಮುಗಿಯಿತು ಎಂದು ಗಣ ನೋಡುವುದಿಲ್ಲ, ಅದಕ್ಕೇ ‘ಸನೆವಿ’ ಎಂಬ ಅರ್ಥವಿಲ್ಲದ ತುಂಡು ಬಂದಿದೆ. ‘ರಾಜೀವ’ ಅಂತೂ ಎರಡು ಸಾಲಿಗೆ ಹಂಚಿಹೋಗಿದೆ! ನನಗೆ ತುಂಬಾ ಇಷ್ಟವಾಗುವುದು ಇದೇ ಜಾಗ. ಸಾಲಿನ ಕೊನೆಗೆ ನಿಲ್ಲೋಣ ಎಂದರೆ ‘ರಾ’ ಬಿಡುವುದಿಲ್ಲ, ಕೈಹಿಡಿದು ಮುಂದಿನ ಸಾಲಿಗೆ ಎಳೆದುಕೊಂಡು ಹೋಗುತ್ತದೆ.

ಇನ್ನು ಪ್ರಾಸ. ಕನ್ನಡದ ಹಳೆಯ ಪದ್ಯಗಳಲ್ಲಿ ಅದನ್ನು ಹುಡುಕಬೇಕಾದದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಶ್ರೀವ, ಜೀವ, ಪಾವ: ಮೂರರಲ್ಲೂ ‘ವ’. ಅದರ ಹಿಂದಿನ ಅಕ್ಷರ ಮೂರರಲ್ಲೂ ಗುರು.

ಮೂರನೇ ಸಾಲು ಉದ್ದ. ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಅಕ್ಷರ ಉಳಿಯುತ್ತದೆ. ‘ದಾತಾರ’ದ ‘ರ’ ನೋಡಲು ಲಘು, ಆದರೆ ದನಿ ಅಲ್ಲಿ ತಂಗುವುದರಿಂದ ಗುರುವೆಂದೇ ಎಣಿಕೆ. ಹೀಗೆ 23 ಮಾತ್ರೆ. ಉಳಿದ ಮೂರು ಸಾಲಿಗೂ ಇದೇ 14, 14, 23ರ ಅಳತೆ, ಇಡೀ ಪದ್ಯಕ್ಕೆ 102. ಇದೇ ಭಾಮಿನಿ ಷಟ್ಪದಿ.

ಆರು ಸಾಲಿನ ಪದ್ಯ ಐದೈದು ಮಾತ್ರೆಯಾಗಿ ತುಂಡಾಗಿ, ಮೊದಲ ಸಾಲಿಗೆ ನಾಲ್ಕು ಗಣ ಬಂದರೆ ಅದು ವಾರ್ಧಕ. ಲಕ್ಷ್ಮೀಶನ ಜೈಮಿನಿ ಭಾರತ ತೆಗೆದು ಅದನ್ನೂ ಹೀಗೇ ಎಣಿಸಿ ನೋಡಿ.